ಮೂರು ಕೆರೆಗಳು, ಮೂರು ಆಟದ ಬಯಲುಗಳು

ವಿಲ್ಸನ್ ಗಾರ್ಡನ್ ಎಂಬ ನಮ್ಮ ಬಡಾವಣೆಯು ಲಾಲ್‌ಬಾಗಿಗೆ ಮೂಡಲಾಗಿಯೂ ಹೊಸೂರು ರಸ್ತೆಗೆ ಪಡುವಲಾಗಿಯೂ ಇರುವುದು. ಹೈದರಲಿಯು ೧೭೬೦ರಲ್ಲಿ ಹಾಕಿಸಿದ ತೋಟವು ಒಂದು ಮಗ್ಗುಲಿಗೆ, ತಮಿಳುನಾಡಿನ ಕಡೆಗೆ ಸಾಗುವ ಹೆದ್ದಾರಿಯು ಇನ್ನೊಂದು ಮಗ್ಗುಲಿಗೆ. ಆದಕಾರಣ ಇಲ್ಲಿನ ನಿವಾಸಿಗಳಿಗೆ ಬೆಳಗಿನ ಹೊತ್ತು ಹಕ್ಕಿಗಳ ಕೂಗೂ ಲಾರಿಗಳ ಕೂಗೂ ಸಮಪಾಲಾಗಿಯೇ ದೊರೆಯುತ್ತವೆ. ಹೆಸರಿನಲ್ಲಿ ತೋಟವುಂಟಾದರೂ ಓಣಿಗಳಲ್ಲಿ ತೋಟವಿಲ್ಲ. ಒಂದನೆಯ ಕ್ರಾಸು, ಎರಡನೆಯ ಕ್ರಾಸು ಎಂದು ಎಣಿಕೆಯ ಹೆಸರುಗಳನ್ನು ಹೊತ್ತು ಮಲಗಿರುವ ಈ ಅಡ್ಡರಸ್ತೆಗಳ ಇಕ್ಕೆಲಗಳಲ್ಲಿಯೂ ಮೋಟಾರುಗಳು ನಿಂತಿರುತ್ತವೆ; ಅವುಗಳ ನಡುವೆ ಉಳಿದ ಏಳೆಂಟು ಅಡಿಯ ಅಗಲದಲ್ಲಿ ಸಂಜೆಯ ವೇಳೆ ಹುಡುಗರು ಕ್ರಿಕೆಟ್ ಆಡುತ್ತಾರೆ. ಚೆಂಡು ಯಾರ ಕಿಟಕಿಗೆ ತಗುಲಿತೆಂಬ ವಿವಾದವು ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಒಬ್ಬ ಹುಡುಗನು ಒಮ್ಮೆ ನನ್ನೊಡನೆ, ನೇರವಾಗಿ ಹೊಡೆದರೆ ಮಾತ್ರ ಓಟ, ಎಡಬಲಕ್ಕೆ ಹೊಡೆದರೆ ಔಟು ಎಂದು ತಮ್ಮ ಓಣಿಯ ನಿಯಮವನ್ನು ವಿವರಿಸಿದನು. ಸ್ಥಳಸಂಕೋಚವು ಶಾಸ್ತ್ರವನ್ನೇ ತಿದ್ದಿಬಿಟ್ಟಿತ್ತು!

ಹೀಗಿರುವಾಗ, ನಮ್ಮ ಬಡಾವಣೆಯಿಂದ ಬಡಗಲಾಗಿ ಎರಡು ಮೂರು ಮೈಲಿಗಳೊಳಗೆ ಮೂರು ದೊಡ್ಡ ಆಟದ ಬಯಲುಗಳಿವೆಯೆಂಬುದನ್ನು ವಾಚಕರು ಗಮನಿಸಬೇಕು. ಒಂದು ಹಾಕಿಯದು, ಒಂದು ಕಾಲ್ಚೆಂಡಿನದು, ಮತ್ತೊಂದು ಓಟ ಜಿಗಿತಗಳೇ ಮೊದಲಾದ ಎಲ್ಲ ಆಟಗಳದು. ಈ ಮೂರೂ ಹಿಂದೆ ಕೆರೆಗಳಾಗಿದ್ದುವು. ಹಳೆಯದಾದ ಕ್ರೀಡಾಂಗಣವೊಂದನ್ನು ದುರಸ್ತಿಮಾಡುವುದಕ್ಕೆ ತೆರಿಗೆಯ ಹಣವನ್ನು ವಿನಿಯೋಗಿಸಬಹುದೇ, ಕೂಡದೇ ಎಂಬ ಚರ್ಚೆಯು ಈಚೆಗೆ ವೃತ್ತಪತ್ರಿಕೆಗಳಲ್ಲಿಯೂ ಮನೆಯ ಜಗುಲಿಗಳಲ್ಲಿಯೂ ನಡೆಯುತ್ತಿರುವುದಷ್ಟೆ. ಅದನ್ನು ಕುಳಿತಲ್ಲಿಯೇ ಚರ್ಚಿಸುವುದಕ್ಕಿಂತ ಈ ಮೂರು ಸ್ಥಳಗಳನ್ನು ಕಾಲ್ನಡಿಗೆಯಲ್ಲಿ ಕಂಡು ಬಂದು ಚರ್ಚಿಸುವುದು ಮೇಲೆಂದು ನನಗೆ ತೋರಿತು.

ಮೊದಲನೆಯದು ಅಕ್ಕಿತಿಮ್ಮನಹಳ್ಳಿಯ ಕೆರೆ. ಶಾಂತಿನಗರದ ಬಸ್ಸು ನಿಲ್ದಾಣದ ಗದ್ದಲವನ್ನು ದಾಟಿ ಲ್ಯಾಂಗ್‌ಫರ್ಡ್ ರಸ್ತೆಯ ಕಡೆಗೆ ತಿರುಗಿದರೆ ಸ್ವಲ್ಪ ದೂರದಲ್ಲಿಯೇ ಅದರ ಸ್ಥಾನವು ಸಿಕ್ಕುವುದು. ಸ್ಥಾನವೆಂದೆನೇ ಹೊರತು ಕೆರೆಯೆನ್ನಲಿಲ್ಲ. ಅಲ್ಲಿ ಈಗಿರುವುದು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿನ ಹಾಕಿ ಕ್ರೀಡಾಂಗಣ. ಕೊಡಗಿನ ಆ ಮಹಾಸೇನಾನಿಯ ಹೆಸರು ಹಾಕಿಯ ಬಯಲಿಗೆ ಒಪ್ಪುವಂಥದೇ ಸರಿ. ಕೊಡಗಿನವರಿಗೆ ಹಾಕಿಯೆಂದರೆ ಕುಲವೃತ್ತಿಯಂತೆ. ಇಲ್ಲಿ ಹುಲ್ಲಿಲ್ಲ. ಸುಮಾರು ತೊಂಬತ್ತೊಂದೂವರೆ ಮೀಟರು ಉದ್ದ, ಐವತ್ತೈದು ಮೀಟರು ಅಗಲದ ಕೃತಕ ಹಾಸಿನ ಮೇಲೆ ಆಟವು ನಡೆಯುವುದು. ೧೯೭೬ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಮೊದಲಬಾರಿಗೆ ಹಾಕಿಯನ್ನು ಇಂಥ ಹಾಸಿನ ಮೇಲೆ ಆಡಿಸಿದರು. ಹುಲ್ಲಿನ ಮೇಲೆ ಜಗತ್ತನ್ನೇ ಗೆದ್ದಿದ್ದ ನಮ್ಮವರು ಅಲ್ಲಿ ಏಳನೆಯ ಸ್ಥಾನಕ್ಕಿಳಿದರು. ಅಂದಿನಿಂದ ಹುಲ್ಲಿನ ಬಯಲುಗಳಿಗೆ ದೊಡ್ಡ ಪಂದ್ಯಗಳಲ್ಲಿ ಬೆಲೆಯಿಲ್ಲದಂತಾಯಿತು.

ಈ ಹಾಸಿನ ಒಂದು ಗುಣವನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ. ಉತ್ತಮ ಮಟ್ಟದ ಹಾಕಿಗಾಗಿ ಮಾಡುವ ಹಾಸನ್ನು ಆಟಕ್ಕೆ ಮೊದಲು ನೀರೆರೆದು ತೋಯಿಸಬೇಕು. ಒಣಗಿದ್ದರೆ ಚೆಂಡು ಸರಾಗವಾಗಿ ಜಾರುವುದಿಲ್ಲ. ಬಿದ್ದವನ ಮಂಡಿಯ ಚರ್ಮವು ಸುಟ್ಟಂತೆ ಕಿತ್ತುಬರುವುದು. ನೀರು ಬೇಡದ ಹಾಸನ್ನು ರೂಢಿಗೆ ತರಬೇಕೆಂದು ಹಾಕಿಯ ಅಂತರರಾಷ್ಟ್ರೀಯ ಸಂಸ್ಥೆಯವರು ಯತ್ನಿಸುತ್ತಿರುವರಂತೂ ನಿಜ. ಆದರೂ ಕೆರೆಯನ್ನು ಬತ್ತಿಸಿ ಬಯಲು ಮಾಡಿ, ಆ ಬಯಲಿಗೆ ಬೇರೆಡೆಯಿಂದ ನೀರು ತಂದು ಎರೆಯುವ ಶಾಸ್ತ್ರವು ನಮ್ಮ ಹಿರಿಯರಿಗೆ ಅರ್ಥವಾಗುತ್ತಿತ್ತೋ ಇಲ್ಲವೋ! ಬೆಂಗಳೂರಿಗೆ ಕಾವೇರಿಯ ನೀರು ಬಂದದ್ದು ೧೯೭೪ರಲ್ಲಿ. ಸುಮಾರು ನೂರು ಕಿಲೋಮೀಟರು ದೂರದಿಂದ, ಹೆಚ್ಚು ಕಡಮೆ ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಯಂತ್ರಗಳಿಂದ ಏರಿಸಿ ಅದನ್ನು ತರಬೇಕಾಗಿದೆ. ಕೆರೆಯು ಬಯಲಾದುದಕ್ಕೆ ನಗರವು ತೆತ್ತ ಬೆಲೆಯಲ್ಲಿ ಇದೂ ಒಂದು ಭಾಗವೇ.

ಎರಡನೆಯದು ಶೂಲೆ ಕೆರೆ. ಮ್ಯಾಗ್ರಾತ್ ರಸ್ತೆಯ ಬಳಿ, ಅಶೋಕನಗರದಲ್ಲಿ, ಈಗ ಕಾಲ್ಚೆಂಡಿನ ಕ್ರೀಡಾಂಗಣವಿರುವೆಡೆಯಲ್ಲಿ ಅದಿದ್ದಿತು. ಸುತ್ತಲೂ ಅಂಗಡಿಗಳ ಮಾಳಿಗೆಗಳು ಬೆಳೆದು ನಿಂತಿರುವುದರಿಂದ ಹುಡುಕಿಕೊಂಡೇ ಹೋಗಬೇಕು. ಬೆಂಗಳೂರು ಎಫ್‌ಸಿ ಎಂಬ ತಂಡವು ೨೦೧೩ರಲ್ಲಿ ಇಲ್ಲಿಯೇ ತನ್ನ ಮೊದಲ ಋತುವನ್ನು ಆಡಿ, ಆ ಋತುವಿನಲ್ಲಿಯೇ ಐ-ಲೀಗ್ ಪದವಿಯನ್ನು ಗೆದ್ದಿತು. ಅನಂತರ ಅದು ಹೆಚ್ಚು ವಿಶಾಲವಾದ ಸ್ಥಳವನ್ನು ಅರಸಿ ಕಂಠೀರವಕ್ಕೆ ಹೋಯಿತು. ನಾವೂ ಅದರ ಹಿಂದೆಯೇ ಹೋಗೋಣ.

ಸಂಪಂಗಿ ಕೆರೆಯ ವೃತ್ತಾಂತವನ್ನು ಸಾವಧಾನವಾಗಿ ಹೇಳಬೇಕಾಗಿದೆ. ಕೆಂಪೇಗೌಡರ ಕಾಲದ್ದೆಂದು ಪ್ರತೀತಿಯುಳ್ಳ ಈ ಕೆರೆಯು ಪೇಟೆಗೂ ದಂಡಿಗೂ ನಡುವೆ ಇದ್ದು ಇಬ್ಬರಿಗೂ ನೀರನ್ನೊದಗಿಸುತ್ತಿತ್ತು. ಅದರ ಕೆಳಗಿನ ತೋಟಗಳಲ್ಲಿ ವಹ್ನಿಕುಲದವರು ಸೊಪ್ಪು ತರಕಾರಿಗಳನ್ನೂ ಹೂವನ್ನೂ ಬೆಳೆಯುತ್ತಿದ್ದರು. ೧೮೯೬ರಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ಊರಿಗೆ ಬಂದಿತು. ಕೊಳಾಯಿಯ ನೀರು ಮನೆಯ ಬಾಗಿಲಿಗೆ ಬಂದೊಡನೆ ಕೆರೆಯ ನೀರು ಯಾರಿಗೆ ಬೇಕು? ತೋಟಗಾರರಿಗೆ ಬೇಕಾಗಿತ್ತು, ಆದರೆ ಅವರ ಮಾತು ಬಹಳ ದೂರ ಕೇಳಿಸುವಂಥದಾಗಿರಲಿಲ್ಲ. ಕ್ರಮೇಣ ಕೆರೆಯನ್ನು ಬತ್ತಿಸಿದರು. ೧೯೪೬ರ ಸುಮಾರಿಗೆ ಅದರ ಅಂಗಳವು ಆಟದ ಬಯಲಾಯಿತು. ಇಂದು ಸಂಪಂಗಿರಾಮನಗರವೆಂಬ ಬಡಾವಣೆಯ ಹೆಸರಿನಲ್ಲಿಯೂ, ಕರಗದ ವಿಧಿಗಾಗಿ ಉಳಿಸಿಕೊಂಡಿರುವ ಒಂದು ಚಿಕ್ಕ ಕುಂಟೆಯಲ್ಲಿಯೂ ಆ ಕೆರೆಯ ನೆನಪುಳಿದಿದೆ. ಚೈತ್ರಮಾಸದಲ್ಲಿ ಧರ್ಮರಾಯನ ಗುಡಿಯ ಕರಗದವರು ಆ ನೀರನ್ನು ಅರಸಿ ಇಂದಿಗೂ ಬರುತ್ತಾರೆ. ಯಾವ ಕುಲದವರ ತೋಟಗಳಿಗೆ ಕೆರೆಯು ನೀರೂಡುತ್ತಿತ್ತೋ ಆ ಕುಲದವರೇ ಅದರ ಕೊನೆಯ ಬೊಗಸೆಯನ್ನು ಕಾಪಾಡಿಕೊಂಡು ಬಂದಿರುವರು.

ಕಂಠೀರವವೆಂದರೆ ಸಿಂಹ; ಕಂಠದಲ್ಲಿ ರವವುಳ್ಳದ್ದು, ಗರ್ಜಿಸುವುದು ಎಂದು ವ್ಯುತ್ಪತ್ತಿ. ಮೈಸೂರಿನ ಅರಸುಮನೆತನದಲ್ಲಿ ಇದು ಪ್ರಸಿದ್ಧವಾದ ಹೆಸರು. ಹದಿನೇಳನೆಯ ಶತಮಾನದ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ನಾಣ್ಯವನ್ನು ಕಂಠೀರಾಯ ಹಣವೆಂದು ಕರೆಯುತ್ತಿದ್ದರು. ಹಣದ ವಿಚಾರಕ್ಕೇ ಬಂದಿರುವ ನಮಗೆ ಈ ಹೆಸರು ಸಂದರ್ಭೋಚಿತವಾಗಿಯೇ ಇದೆ. ಇದೇ ಹೆಸರಿನ ಚಲಚ್ಚಿತ್ರಾಲಯವೊಂದು ಊರಿನ ಇನ್ನೊಂದು ದಿಕ್ಕಿನಲ್ಲಿರುವುದರಿಂದ ಹೊರಗಿನಿಂದ ಬಂದವರು ಕೆಲವೊಮ್ಮೆ ದಾರಿ ತಪ್ಪುವುದುಂಟು.

ಈಗ ಕಾಣುವ ಕ್ರೀಡಾಂಗಣವು ಬಹುಮಟ್ಟಿಗೆ ೧೯೯೭ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಸಿದ್ಧವಾದುದು. ಇಪ್ಪತ್ತೈದು ಸಾವಿರಕ್ಕೆ ಮೇಲ್ಪಟ್ಟು ಜನ ಕುಳಿತು ನೋಡಬಹುದು. ನಡುವೆ ಹುಲ್ಲಿನ ಬಯಲು. ಅದರ ಸುತ್ತ ನಾಲ್ಕುನೂರು ಮೀಟರು ಸುತ್ತಳತೆಯ ಕೃತಕ ಓಟದ ಹಾದಿ. ಇಲ್ಲಿ ಏನೇನು ನಡೆದಿಲ್ಲ! ೨೦೦೬ರ ಏಪ್ರಿಲ್‌ನಲ್ಲಿ ಡಾ. ರಾಜಕುಮಾರರ ಪಾರ್ಥಿವ ಶರೀರವನ್ನು ಇಲ್ಲಿ ಇರಿಸಿದ್ದರು. ೨೦೨೧ರ ಅಕ್ಟೋಬರ್‌ನಲ್ಲಿ ಅವರ ಕಿರಿಯ ಮಗ ಪುನೀತರ ಶರೀರವನ್ನೂ ಇಲ್ಲಿಯೇ ಇರಿಸಿದರು. ಆ ದಿನಗಳಲ್ಲಿ ನಮ್ಮ ವಿಲ್ಸನ್ ಗಾರ್ಡನ್ನಿನಿಂದ ಮಕ್ಕಳನ್ನು ಕಂಕುಳಲ್ಲೆತ್ತಿಕೊಂಡು ನಡೆದುಹೋದ ಹೆಂಗಸರನ್ನು ನಾನು ಕಂಡಿದ್ದೇನೆ. ೨೦೧೩ರಲ್ಲಿಯೂ ೨೦೨೩ರಲ್ಲಿಯೂ ಸಿದ್ಧರಾಮಯ್ಯನವರು ಮುಖ್ಯಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದ್ದು ಇದೇ ಸ್ಥಳದಲ್ಲಿ. ೨೦೧೬ರಲ್ಲಿ ಬೆಂಗಳೂರು ಎಫ್‌ಸಿಯು ಮಲೇಶಿಯದ ಜೊಹೊರ್ ತಂಡವನ್ನು ಇಲ್ಲಿ ಸೋಲಿಸಿ, ಏಷ್ಯಾ ಖಂಡದ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ತಂಡವೆನಿಸಿತು. ೨೦೨೫ರ ಜುಲೈ ೫ರಂದು ನೀರಜ್ ಚೋಪ್ರಾ ತಮ್ಮ ಹೆಸರಿನ ಭರ್ಜಿ ಎಸೆತದ ಸ್ಪರ್ಧೆಯನ್ನು ಇಲ್ಲಿ ನಡೆಸಿ, ೮೬.೧೮ ಮೀಟರು ದೂರಕ್ಕೆಸೆದು ತಾವೇ ಗೆದ್ದರು.

ಆದರೆ ನನ್ನ ಮಟ್ಟಿಗೆ ಕಂಠೀರವದ ನಿಜಸ್ವರೂಪವು ಇಂಥ ಉತ್ಸವದ ದಿನಗಳಲ್ಲಿ ಕಾಣುವುದಲ್ಲ; ಬೆಳಗಿನ ಆರು ಗಂಟೆಗೆ ಕಾಣುವುದು. ಆಗ ನಗರದ ನಾನಾ ಮೂಲೆಗಳಿಂದ ಹುಡುಗ ಹುಡುಗಿಯರು ಬಂದು ಸೇರುತ್ತಾರೆ. ಆಟೋ ನಡೆಸುವವರ ಮಕ್ಕಳುಂಟು, ಪೊಲೀಸರ ಮಕ್ಕಳುಂಟು; ಹಳ್ಳಿಯಿಂದ ಬಂದು ಕ್ರೀಡಾವಸತಿಗಳಲ್ಲಿರುವವರುಂಟು. ಬಿದ್ದ ಕಡೆಯಿಂದೆದ್ದು ಮತ್ತೆ ತಡೆಗಂಬಗಳನ್ನು ಜಿಗಿಯುವ ಹತ್ತು ಹನ್ನೆರಡು ವರ್ಷದ ಬಾಲಿಕೆಯರನ್ನು ಅಲ್ಲಿ ನೋಡಬೇಕು. ದೂರದ ಮೆಟ್ಟಿಲಿನ ಮೇಲೆ ಕುಳಿತು ಚೀಲದಲ್ಲಿ ಬಾಳೆಯಹಣ್ಣನ್ನೂ ನೀರನ್ನೂ ಇಟ್ಟುಕೊಂಡು ಕಾಯುವ ತಾಯಂದಿರನ್ನೂ ನೋಡಬೇಕು. ಈ ಹೊತ್ತಿನಲ್ಲಿ ಬಾಗಿಲಲ್ಲಿ ಚೀಟಿ ಮಾರುವವರಾರೂ ಇಲ್ಲ, ಜಾಹೀರಾತಿನ ದೀಪಗಳಿಲ್ಲ. ಕ್ರೀಡಾಂಗಣದ ಲೆಕ್ಕದಲ್ಲಿ ಈ ಹೊತ್ತು ಬರಿಯ ವೆಚ್ಚದ ಹೊತ್ತು.

ಕಟ್ಟಡಕ್ಕೆ ಮುಪ್ಪು ಬರುತ್ತಲಿದೆ. ಕಾಂಕ್ರೀಟಿನ ಮುಪ್ಪು ಹೇಗೆ ಬರುವುದೆಂದು ಮನೆ ಕಟ್ಟಿದ ವಾಚಕರು ಬಲ್ಲರು. ಮೇಲ್ಮೈಯ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿಯೂ ತೇವವೂ ಒಳಸೇರಿ ಕಬ್ಬಿಣದ ಸರಳುಗಳನ್ನು ಮುಟ್ಟುತ್ತವೆ. ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಆ ಸೀಳಿನಲ್ಲಿ ಇನ್ನಷ್ಟು ನೀರು ಇಳಿಯುತ್ತದೆ. ಮೊದಲನೆಯ ಸೀಳನ್ನು ಮುಚ್ಚುವುದಕ್ಕೆ ಒಂದು ರೂಪಾಯಿ ಸಾಕು. ಹತ್ತು ವರ್ಷ ಬಿಟ್ಟರೆ ನೂರು ಸಾಲದು. ಓಟದ ಹಾದಿಯ ಕೃತಕ ಹಾಸಿಗೂ ಆಯುಸ್ಸುಂಟು. ಕೆಲವು ವರ್ಷಗಳ ಹಿಂದೆ ಅದು ಅಲ್ಲಲ್ಲಿ ಹರಿದು, ಓಡುವವರ ಕಣಕಾಲಿಗೆ ಅಪಾಯಕರವಾಗಿತ್ತು. ಬಹಳ ಕೂಗಾಟವಾದ ಮೇಲೆ ಹೊಸದನ್ನು ಹಾಸಿದರು. ಕಾಲ್ಚೆಂಡಿನವರು ಬಂದ ಮೇಲೆ ಅಭ್ಯಾಸದ ವೇಳೆಯು ತಮಗೆ ತಪ್ಪಿಹೋಯಿತೆಂದು ಓಟಗಾರರ ಶಿಕ್ಷಕರು ದೂರಿ, ಆ ವಿವಾದವು ಉಚ್ಚ ನ್ಯಾಯಾಲಯದವರೆಗೂ ಹೋಯಿತು.

ಇನ್ನು ದುರಸ್ತಿಗೆ ಹಣವನ್ನು ಯಾರು ಕೊಡಬೇಕೆಂಬ ಮಾತಿಗೆ ಬರೋಣ. ನಮ್ಮ ನೆರೆಮನೆಯ ಗೃಹಿಣಿಯೊಬ್ಬರು ಈ ಪ್ರಸ್ತಾಪವನ್ನು ಕೇಳಿದೊಡನೆ, "ಮಾಸ್ತರೇ, ಸರ್ಕಾರಿ ಶಾಲೆಗಳ ಮಾಡು ಸೋರುತ್ತಿದೆ, ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ, ಆಟದ ಮನೆಗೆ ನಮ್ಮ ತೆರಿಗೆಯೇಕೆ? ಆಟ ನೋಡುವವರೇ ಕೊಡಲಿ," ಎಂದು ಬಿಟ್ಟರು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮನೆಯ ವೆಚ್ಚವನ್ನು ತೂಗಿಸಿ ಬಲ್ಲವರು ರಾಜ್ಯದ ವೆಚ್ಚವನ್ನೂ ಸರಿಯಾಗಿಯೇ ತೂಗುತ್ತಾರೆ. ಕರವೆಂಬ ಸಂಸ್ಕೃತ ಶಬ್ದಕ್ಕೆ ಕೈ, ಕಿರಣ, ತೆರಿಗೆ ಎಂದು ಮೂರು ಅರ್ಥಗಳುಂಟು. ತೆಗೆದುಕೊಳ್ಳುವುದೂ ಕೈ, ಕೊಡುವುದೂ ಕೈ; ಯಾರಿಂದ ತೆಗೆದು ಯಾರಿಗೆ ಕೊಟ್ಟಿತೆಂಬುದೇ ಪ್ರಶ್ನೆ.

ಆದರೆ ಆ ತಾಯಿಯವರ ಮಾತಿನಲ್ಲಿ 'ಆಟ ನೋಡುವವರು' ಎಂಬ ಪದವೊಂದಿದೆ. ಬೆಳಗಿನ ಆರು ಗಂಟೆಗೆ ಕಂಠೀರವದಲ್ಲಿರುವವರು ಆಟ ನೋಡುವವರಲ್ಲ, ಆಡುವವರು. ನಾನು ಮೂವತ್ತಕ್ಕೆ ಮೇಲ್ಪಟ್ಟ ವರ್ಷ ಪಾಠ ಹೇಳಿದವನು. ಬಯಲಿಲ್ಲದ ಶಾಲೆಯಲ್ಲಿ ಕವಾಯತಿನ ಗಂಟೆಯನ್ನು ರಸ್ತೆಯ ಅಂಚಿನಲ್ಲಿ ಕಳೆಯುವ ಮಕ್ಕಳನ್ನು ಕಂಡವನು. ಅಂಥ ಮಗುವಿಗೆ ಊರಿನ ನಡುವಿನ ಬಯಲು ಶಾಲೆಯ ಮುಂದುವರಿದ ಭಾಗವೇ ಹೊರತು ವಿನೋದಗೃಹವಲ್ಲ. ಅದರ ದುರಸ್ತಿಗೆ ತೆರಿಗೆಯ ಹಣವು ಸಲ್ಲಬೇಕೆಂದೇ ನನ್ನ ಅಭಿಪ್ರಾಯ. ಸಾಲದುದಕ್ಕೆ, ಇಲ್ಲಿ ಜನರು ತಮ್ಮ ಪಾಲಿನ ಮೊದಲ ಕಂತನ್ನು ಆಗಲೇ ತೆತ್ತಿದ್ದಾರೆ, ಕೆರೆಯನ್ನೇ ಕೊಟ್ಟಿದ್ದಾರೆ. ಕೆರೆಯನ್ನು ಕಳೆದುಕೊಂಡವರು ಬಯಲನ್ನೂ ಪಾಳುಬೀಳಗೊಟ್ಟರೆ ಎರಡು ಕೈಯಲ್ಲೂ ಕಳೆದುಕೊಂಡಂತಾಗುವುದಿಲ್ಲವೆ?

ಇಷ್ಟರಿಂದ ಎಲ್ಲ ಕ್ರೀಡಾಂಗಣಗಳಿಗೂ ಸರ್ಕಾರದ ಬೊಕ್ಕಸವನ್ನು ತೆರೆದಿಡಬೇಕೆಂದು ಹೇಳಿದಂತಾಗಲಿಲ್ಲ. ಈ ವಿಷಯದಲ್ಲಿ ನಮ್ಮ ಹಳೆಯ ಶಾಸನಗಳನ್ನು ಬರೆಯಿಸಿದವರು ನಮಗಿಂತ ಹೆಚ್ಚು ವಿವೇಕಿಗಳಾಗಿದ್ದರೆಂದು ನನಗನ್ನಿಸುವುದು. ಬಿ. ಎಲ್. ರೈಸರು ಸಂಗ್ರಹಿಸಿದ ಶಾಸನಸಂಪುಟಗಳನ್ನು ತಿರುವಿಹಾಕಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆ ಮತ್ತೆ ಎದುರಾಗುವುದು. ಮುರಿದುದು, ಬಿರಿದುದು, ಹಳತಾದುದು. ಇವನ್ನು ಸರಿಪಡಿಸುವುದಕ್ಕೆಂದು ಇಷ್ಟು ಗದ್ದೆ, ಇಷ್ಟು ಬೆದ್ದಲೆ ಬಿಟ್ಟಿದೆಯೆಂದು ದಾನಿಯು ಗುಡಿಯನ್ನು ಕಟ್ಟಿಸಿದ ದಿನವೇ ಕಲ್ಲಿನಲ್ಲಿ ಕೊರೆಯಿಸಿಬಿಡುತ್ತಿದ್ದನು. ಕಟ್ಟಿಸುವ ದಿನವೇ ಮುಪ್ಪನ್ನು ನೆನೆಯುತ್ತಿದ್ದರು! ನಮ್ಮ ಕಾಲದ ಶಂಕುಸ್ಥಾಪನೆಯ ಅಮೃತಶಿಲೆಗಳಲ್ಲಿ ಗಣ್ಯರ ಹೆಸರುಗಳು ಎರಡು ಸಾಲು ಹೆಚ್ಚೇ ಇರುತ್ತವೆ. ದುರಸ್ತಿಗೆಂದು ಬಿಟ್ಟ ಹಣದ ಸಾಲು ಮಾತ್ರ ಕಾಣದು.

ಕೆರೆಗಳಿಗಂತೂ ಇನ್ನೂ ಸೂಕ್ಷ್ಮವಾದ ಏರ್ಪಾಟಿದ್ದಿತು. ಕೆರೆ ಕಟ್ಟಿದವನಿಗೂ ಅದನ್ನು ನೋಡಿಕೊಳ್ಳುವವನಿಗೂ ಬಿಡುತ್ತಿದ್ದ ಭೂಮಿ ಕಟ್ಟುಕೊಡಗೆ. ಕೆರೆಯ ಕೆಳಗಿನ ಗದ್ದೆಯ ಆದಾಯದಲ್ಲಿ ಹೂಳೆತ್ತುವುದಕ್ಕೂ ಏರಿಯನ್ನು ಬಲಪಡಿಸುವುದಕ್ಕೂ ತೆಗೆದಿಡುತ್ತಿದ್ದ ಅಂಶ ಬಿತ್ತುವಟ್ಟ. ಕುಡಿಯುವುದಕ್ಕೆ ಕೊಡ ತುಂಬಿಕೊಂಡು ಹೋದ ಹೆಂಗಸಿನಿಂದ ಇದನ್ನು ಕೇಳುತ್ತಿರಲಿಲ್ಲ; ದನಕ್ಕೆ ನೀರು ಕುಡಿಸಿದವನಿಂದ ಕೇಳುತ್ತಿರಲಿಲ್ಲ. ಆ ನೀರಿನಿಂದ ಬತ್ತ ಬೆಳೆದು ಕಣಜ ತುಂಬಿಕೊಂಡ ಗದ್ದೆಯಿಂದ ಬರುತ್ತಿತ್ತು. ಕೆರೆಗಳ ಮೇಲೆಯೇ ನಿಂತಿರುವ ನಮ್ಮ ಕ್ರೀಡಾಂಗಣಗಳಿಗೆ ಈ ನ್ಯಾಯವು ಪರಕೀಯವೆಂದು ಯಾರೂ ಹೇಳಲಾರರು. ಓಡುವುದಕ್ಕೆ ಬಂದ ಬಾಲಿಕೆಯು ಕೊಡ ಹೊತ್ತ ಹೆಂಗಸಿನ ಸಮಾನಳು. ಅವಳ ಪಾಲನ್ನು ಊರೆಲ್ಲ ಸೇರಿ ಹೊರಬೇಕು. ಚೀಟಿ ಮಾರಿ, ದೂರದರ್ಶನದವರಿಂದ ಹಣ ಪಡೆದು, ಜಾಹೀರಾತು ಕಟ್ಟಿ ಲಾಭ ಗಳಿಸುವ ತಂಡವು ಗದ್ದೆಯ ಒಡೆಯನ ಸಮಾನ. ಬಿತ್ತುವಟ್ಟವನ್ನು ಅದು ಕೊಡಬೇಕು.

ಅಮೆರಿಕದವರು ಈ ಪ್ರಶ್ನೆಯಲ್ಲಿ ನಮಗಿಂತ ಬಹಳ ಮುಂದೆ ಹೋಗಿ ಬಹಳ ಪೆಟ್ಟನ್ನೂ ತಿಂದಿದ್ದಾರೆ. ನಮ್ಮ ಕ್ರಿಕೆಟ್ಟಿನ ದೂರದ ನೆಂಟನಂತಿರುವ ಬೇಸ್‌ಬಾಲ್ ಅಲ್ಲಿನವರಿಗೆ ಪ್ರಾಣ. ತಂಡವು ಖಾಸಗಿ ಧನಿಕರದು. ಕ್ರೀಡಾಂಗಣವು ಬಹಳ ಕಡೆ ಊರಿನದು. ಕಟ್ಟಡ ಹಳತಾದೊಡನೆ, ದುರಸ್ತಿ ಮಾಡಿಸಿಕೊಡದಿದ್ದರೆ ಬೇರೆ ಊರಿಗೆ ಹೋಗುವೆವೆಂದು ತಂಡದವರು ಹೇಳುವುದು ವಾಡಿಕೆ. ಮಿಲ್ವಾಕಿ ನಗರದ ಬೇಸ್‌ಬಾಲ್ ಕ್ರೀಡಾಂಗಣದ ದುರಸ್ತಿಗೆ ವಿಸ್ಕಾನ್ಸಿನ್ ರಾಜ್ಯದವರು ೨೦೨೩ರ ಡಿಸೆಂಬರ್‌ನಲ್ಲಿ ಸುಮಾರು ಐವತ್ತು ಕೋಟಿ ಡಾಲರುಗಳ ಸಾರ್ವಜನಿಕ ಹಣವನ್ನು ಒದಗಿಸುವ ಶಾಸನವನ್ನು ಮಾಡಿದರು. ತಂಡವು ೨೦೫೦ರವರೆಗೆ ಊರು ಬಿಡುವುದಿಲ್ಲವೆಂದು ಒಪ್ಪಿಕೊಂಡಿತು. ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ೨೦೨೪ರ ಅಕ್ಟೋಬರ್‌ನ ಚಂಡಮಾರುತವು ಕ್ರೀಡಾಂಗಣದ ಬಟ್ಟೆಯ ಮಾಡನ್ನು ಹರಿದು ಚಿಂದಿ ಮಾಡಿತು. ಕರಾರಿನಂತೆ ಅದನ್ನು ಸರಿಪಡಿಸುವ ಹೊಣೆ ನಗರಸಭೆಯ ಮೇಲೆಯೇ ಬಿದ್ದಿತು. ಅಂದಾಜು ಐದೂವರೆ ಕೋಟಿ ಡಾಲರನ್ನು ಮೀರಿತು. ಅದೇ ಚಂಡಮಾರುತದಲ್ಲಿ ತಮ್ಮ ಮನೆಯ ಮಾಡನ್ನೂ ಕಳೆದುಕೊಂಡ ತೆರಿಗೆದಾರರ ಮನಸ್ಸು ಹೇಗಿದ್ದಿರಬೇಕು!

ಮಿಸೌರಿ ರಾಜ್ಯದ ಜಾಕ್ಸನ್ ಕೌಂಟಿಯಲ್ಲಿ ಮಾತ್ರ ಜನರನ್ನೇ ಕೇಳಿದರು. ಬೇಸ್‌ಬಾಲ್ ತಂಡಕ್ಕೊಂದು ಹೊಸ ಕ್ರೀಡಾಂಗಣ, ನೆರೆಯ ಇನ್ನೊಂದು ಆಟದ ಹಳೆಯ ಕ್ರೀಡಾಂಗಣದ ದುರಸ್ತಿ, ಎರಡಕ್ಕೂ ಮಾರಾಟ ತೆರಿಗೆಯನ್ನು ನಾಲ್ವತ್ತು ವರ್ಷ ಮುಂದುವರಿಸಬಹುದೇ ಎಂದು ೨೦೨೪ರ ಏಪ್ರಿಲ್ ೨ರಂದು ಮತ ತೆಗೆದುಕೊಂಡಾಗ, ನೂರಕ್ಕೆ ಐವತ್ತೆಂಟರಷ್ಟು ಜನ ಕೂಡದೆಂದರು. ಎರಡೇ ತಿಂಗಳಲ್ಲಿ ನೆರೆಯ ಕ್ಯಾನ್ಸಸ್ ರಾಜ್ಯದವರು ಆ ತಂಡಗಳನ್ನು ತಮ್ಮ ಕಡೆಗೆ ಸೆಳೆಯುವುದಕ್ಕೆ ಶಾಸನವನ್ನೇ ಮಾಡಿಕೊಂಡರು. ಇನ್ನು ಮೇಲೆ ಹೇಳಿದ ಮಾಂಟ್ರಿಯಲ್ ನಗರದ ಒಲಿಂಪಿಕ್ ಕ್ರೀಡಾಂಗಣದ ಸಾಲವು ತೀರಿದ್ದು ೨೦೦೬ರಲ್ಲಿ, ಆಟ ಮುಗಿದ ಮೂವತ್ತು ವರ್ಷಗಳ ಮೇಲೆ. ಅಲ್ಲಿ ಆಡುತ್ತಿದ್ದ ಬೇಸ್‌ಬಾಲ್ ತಂಡವು ಅದಕ್ಕೆ ಎರಡು ವರ್ಷ ಮೊದಲೇ ಊರು ಬಿಟ್ಟಿತ್ತು. ಈಗ ಅದರ ಮಾಡನ್ನು ಬದಲಿಸುವುದಕ್ಕೆಂದು ೨೦೨೪ರಲ್ಲಿ ಎಂಬತ್ತೇಳು ಕೋಟಿ ಡಾಲರುಗಳನ್ನು ಮಂಜೂರು ಮಾಡಿದ್ದಾರೆ. ಇಂಥ ವೆಚ್ಚವು ವ್ಯಾಪಾರದ ಮೂಲಕ ಊರಿಗೆ ಹಿಂದಿರುಗುವುದೆಂಬ ವಾದವನ್ನು ಅಲ್ಲಿನ ಅರ್ಥಶಾಸ್ತ್ರಜ್ಞರಲ್ಲಿ ಬಹುಮಂದಿ ಒಪ್ಪುವುದಿಲ್ಲ. ಆಟದ ದಿನ ಇಲ್ಲಿ ಉಂಡವನು ಆಟವಿಲ್ಲದಿದ್ದರೆ ಊರಿನ ಇನ್ನೊಂದು ಕಡೆ ಉಣ್ಣುತ್ತಿದ್ದನು, ಅಷ್ಟೇ ವ್ಯತ್ಯಾಸವೆನ್ನುತ್ತಾರೆ.

ನಮ್ಮಲ್ಲಿ ಆ ಬೆದರಿಕೆಯಿಲ್ಲವೆಂಬುದೊಂದು ಭಾಗ್ಯ. ಕಂಠೀರವದ ಬೆಳಗಿನ ಮಕ್ಕಳು ಬೇರೆ ಊರಿಗೆ ಹೋಗುವೆವೆಂದು ಯಾರನ್ನೂ ಹೆದರಿಸಲಾರರು. ಹೆದರಿಸಲಾರದವರ ಕೆಲಸವು ಹಿಂದೆ ಬೀಳುವುದೂ ಅದರಿಂದಲೇ ಎನ್ನಬಹುದು.

ಕಂಠೀರವದಿಂದ ಕಬ್ಬನ್ ಉದ್ಯಾನದ ಅಂಚನ್ನು ಹಿಡಿದು ಹತ್ತು ಹದಿನೈದು ನಿಮಿಷ ನಡೆದರೆ ಚಿನ್ನಸ್ವಾಮಿ ಕ್ರೀಡಾಂಗಣವು ಬರುವುದು. ಸರ್ಕಾರದಿಂದ ಗುತ್ತಿಗೆಗೆ ಪಡೆದ ಭೂಮಿಯಲ್ಲಿ ೧೯೬೯ರಲ್ಲಿ ಇದರ ಅಸ್ತಿಭಾರವನ್ನು ಹಾಕಿದರು. ೧೯೭೪ರ ನವೆಂಬರ್‌ನಲ್ಲಿ ವೆಸ್ಟ್ ಇಂಡೀಸಿನೊಡನೆ ಮೊದಲ ಟೆಸ್ಟ್ ಪಂದ್ಯವಾಯಿತು. ವಿವಿಯನ್ ರಿಚರ್ಡ್ಸರ ಮೊದಲ ಟೆಸ್ಟೂ ಅದೇ. ಮಳೆಯ ನೀರನ್ನು ಬಯಲಿನಡಿಯಿಂದ ಯಂತ್ರದ ಮೂಲಕ ಹೀರಿ ತೆಗೆಯುವ ಏರ್ಪಾಟನ್ನೂ, ಬಿಸಿಲಿನಿಂದ ವಿದ್ಯುತ್ತನ್ನು ತೆಗೆಯುವ ಫಲಕಗಳನ್ನೂ ಇಲ್ಲಿ ಅಳವಡಿಸಿದ್ದಾರೆ. ಬಯಲು ಇಷ್ಟು ಆಧುನಿಕವಾದರೂ ಬಾಗಿಲುಗಳು ಹಳೆಯ ಕಾಲದವೇ ಆಗಿ ಉಳಿದುವು. ೨೦೨೫ರ ಜೂನ್ ೪ರಂದು, ಬೆಂಗಳೂರಿನ ತಂಡವು ಐಪಿಎಲ್ ಪದವಿಯನ್ನು ಗೆದ್ದ ಮರುದಿನ, ಆ ಬಾಗಿಲುಗಳ ಹೊರಗೆ ನೂಕುನುಗ್ಗಲಾಗಿ ಹನ್ನೊಂದು ಮಂದಿ ಸತ್ತರು. ಹೆಚ್ಚಿನವರು ಎಳೆಯ ಪ್ರಾಯದವರು. ಅದನ್ನು ವಿಚಾರಣೆ ಮಾಡಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾರ ಆಯೋಗವು, ಈ ಕ್ರೀಡಾಂಗಣದ ರಚನೆಯೇ ದೊಡ್ಡ ಜನಸಂದಣಿಗೆ ತಕ್ಕುದಲ್ಲವೆಂದು ಜುಲೈಯಲ್ಲಿ ವರದಿಮಾಡಿತು.

ಇದನ್ನು ಸರಿಪಡಿಸುವುದು ಯಾರ ಹಣದಿಂದ? ಐಪಿಎಲ್ ಪಂದ್ಯಗಳ ಐದು ವರ್ಷಗಳ ಪ್ರಸಾರದ ಹಕ್ಕನ್ನು ಕ್ರಿಕೆಟ್ ಮಂಡಳಿಯವರು ೨೦೨೨ರಲ್ಲಿ ೪೮,೩೯೦ ಕೋಟಿ ರೂಪಾಯಿಗೆ ಮಾರಿದರು. ಒಂದು ಪಂದ್ಯಕ್ಕೆ ನೂರಹದಿನೆಂಟು ಕೋಟಿಯಷ್ಟಾಯಿತು. ಇಷ್ಟು ಬತ್ತ ಬೆಳೆಯುವ ಗದ್ದೆಯು ಬಿತ್ತುವಟ್ಟವನ್ನು ಬೇಡಬಹುದೇ? ಕೊಡಬೇಕು. ಬಾಗಿಲನ್ನು ಅ‌ಗಲಿಸುವುದಕ್ಕೂ, ಜನರು ನಿಲ್ಲುವ ತಾಣವನ್ನು ಕಲ್ಪಿಸುವುದಕ್ಕೂ ಸರ್ಕಾರವು ನಿಯಮವನ್ನು ವಿಧಿಸಲಿ, ತನಿಖೆಯನ್ನು ಮಾಡಲಿ. ಹಣದ ಚೀಲವನ್ನು ಮಾತ್ರ ಬಿಚ್ಚಬೇಕಾಗಿಲ್ಲ. ಅದೇ ರೀತಿ ಕಂಠೀರವದಲ್ಲಿ ಚೀಟಿ ಮಾರಿ ಪಂದ್ಯ ನಡೆಸುವವರಿಂದ ಬಂದ ಬಾಡಿಗೆಯು ಬೊಕ್ಕಸದ ಸಮುದ್ರದಲ್ಲಿ ಬೆರೆತುಹೋಗದೆ, ಅದೇ ಕಟ್ಟಡದ ಖಂಡಸ್ಫುಟಿತಕ್ಕೆಂದು ಬೇರೆಯಾಗಿ ನಿಲ್ಲಬೇಕು. ಎಷ್ಟು ಬಂದಿತು, ಎಷ್ಟು ವೆಚ್ಚವಾಯಿತು, ಮಕ್ಕಳಿಗೆ ಯಾವ ವೇಳೆ ಮೀಸಲು ಎಂಬುದನ್ನು ಬಾಗಿಲಲ್ಲಿಯೇ ಹಲಗೆಯ ಮೇಲೆ ಬರೆದು ಹಾಕಬೇಕು. ನಮ್ಮ ನೆರೆಮನೆಯವರಿಗೆ ಇಷ್ಟನ್ನು ಹೇಳಿದಾಗ, "ಹಲಗೆ ಹಾಕಿದರೆ ನಾನು ಹೋಗಿ ಓದುತ್ತೇನೆ," ಎಂದರು. ಓದಿಯೇ ಓದುವರು, ಅವರ ಲೆಕ್ಕದ ಪುಸ್ತಕವನ್ನು ನಾನು ಬಲ್ಲೆ.

ಅವರು ಸುಮ್ಮನಾಗಲಿಲ್ಲ. ಪತ್ರಿಕೆಯ ಇನ್ನೊಂದು ಸುದ್ದಿಯನ್ನು ತೋರಿಸಿದರು. ಚಿನ್ನಸ್ವಾಮಿಯ ದುರಂತದ ತರುವಾಯ, ೨೦೨೫ರ ಆಗಸ್ಟ್‌ನಲ್ಲಿ, ನಮ್ಮ ಹೊಸೂರು ರಸ್ತೆಯಲ್ಲಿಯೇ ತೆಂಕಲಾಗಿ ಸಾಗಿದರೆ ಸಿಕ್ಕುವ ಬೊಮ್ಮಸಂದ್ರದ ಸೂರ್ಯನಗರದಲ್ಲಿ ಎಂಬತ್ತು ಸಾವಿರ ಆಸನಗಳ ಕ್ರೀಡಾಂಗಣವನ್ನೊಳಗೊಂಡ ಕ್ರೀಡಾಸಮುಚ್ಚಯವೊಂದನ್ನು ೧,೬೫೦ ಕೋಟಿ ರೂಪಾಯಿಗಳಲ್ಲಿ ಕಟ್ಟುವ ಪ್ರಸ್ತಾವಕ್ಕೆ ಮುಖ್ಯಮಂತ್ರಿಗಳು ಒಪ್ಪಿಗೆ ಕೊಟ್ಟರು. ಒಳಾಂಗಣ ಹೊರಾಂಗಣಗಳ ಹಲವು ಆಟಗಳೂ ಅದರಲ್ಲಿ ಸೇರಿವೆ. ವೆಚ್ಚವನ್ನೆಲ್ಲ ಕರ್ನಾಟಕ ಗೃಹಮಂಡಳಿಯೇ ಹೊರುವುದರಿಂದ ಸರ್ಕಾರಕ್ಕೆ ಹೊರೆಯಿಲ್ಲವೆಂದು ಹೇಳಿದರು. ಮೇಲೆ ಹೇಳಿದ ಲೆಕ್ಕದಲ್ಲಿ ಹದಿನಾಲ್ಕು ಸಂಜೆಗಳ ಐಪಿಎಲ್ ಪ್ರಸಾರದ ಬೆಲೆಗೆ ಈ ಸಮುಚ್ಚಯವೆಲ್ಲ ಸಮನಾಗುವುದು. ಹೊಸದನ್ನು ಕಟ್ಟುವ ಉತ್ಸಾಹವು ಹಳೆಯದನ್ನು ಮರೆಯಿಸುವುದೆಂಬ ಭಯವೂ ನನಗಿಲ್ಲದಿಲ್ಲ. ನಗರದ ಮಧ್ಯದ ಮಗುವು ಬೆಳಗಿನ ಆರು ಗಂಟೆಗೆ ಬೊಮ್ಮಸಂದ್ರಕ್ಕೆ ಹೋಗಲಾರದು, ೨೦೨೫ರಲ್ಲಿ ಅಲ್ಲಿಯವರೆಗೆ ಮೆಟ್ರೋ ರೈಲು ಬಂದಿದ್ದರೂ.

ಆದರೆ ಆ ಗೃಹಿಣಿಯವರ ಬೆರಳು ನಿಂತಿದ್ದುದು ಬೇರೊಂದು ಸಾಲಿನ ಮೇಲೆ. ಅವರ ತಮ್ಮನು ಗೃಹಮಂಡಳಿಯ ನಿವೇಶನಕ್ಕೆಂದು ಅರ್ಜಿ ಹಾಕಿ, ಕಂತುಗಳನ್ನು ಕಟ್ಟುವುದಕ್ಕೆ ಹಣ ಕೂಡಿಸುತ್ತಿದ್ದಾನೆ. "ಮಂಡಳಿಯ ಹಣ ಎಂದರೆ ಯಾರ ಹಣ, ಮಾಸ್ತರೇ?" ಎಂದು ಅವರು ಕೇಳಿದರು.